ಕೊಟ್ಟಿಗೆಯಲ್ಲಿ ನಿಂತುಹೋದ ಹಳೆ ಬಿ.ಎಸ್.ಎ. ಮತ್ತೆ ಓಡಬೇಕೆಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಜ್ಜನ ಬಿ.ಎಸ್.ಎ. ಎಂ20, ಹಳೆ ಬ್ರಿಟಿಷ್ ಮೋಟಾರ್ ಬೈಕು, ಕೊಟ್ಟಿಗೆ ಪಕ್ಕದ ಮಾಡಿನಡಿ 28 ವರ್ಷ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತರಲು ನನಗೆ ಎರಡು ಮಳೆಗಾಲ ಹಿಡಿಯಿತು. ಆಮೇಲಿನಿಂದ ಸಾಗರ, ಹೊಸನಗರ, ಕೊಪ್ಪದ ಕಡೆಯವರು ಕೇಳುತ್ತಲೇ ಇದ್ದಾರೆ: ನಮ್ಮ ಮನೆಯಲ್ಲೂ ಒಂದಿದೆ, ಏನು ಮಾಡೋದು? ಹೆಚ್ಚು ಸಲ ಕೇಳಿದ ಪ್ರಶ್ನೆಗಳನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಗಾಡಿ ಈಗಷ್ಟೇ ಹೊರಗೆ ತೆಗೆದಿದ್ದೇವೆ. ಒಂದು ಕಿಕ್ ಹೊಡೆದು ನೋಡಲಾ?

ಬೇಡ. ದಯವಿಟ್ಟು ಬೇಡ. ಗಾಡಿ ಹೊರಗೆ ಬಂತೆಂದರೆ ಮನೆಯವರೆಲ್ಲ ಸೇರುತ್ತಾರೆ. ಭಾವನೋ ಚಿಕ್ಕಪ್ಪನೋ ಪಂಚೆ ಎತ್ತಿ ಕಟ್ಟಿ ಕಿಕ್ಕರ್ ಮೇಲೆ ನಿಲ್ಲುತ್ತಾರೆ. ಅದು ನನಗೂ ಗೊತ್ತು. ಆದರೆ ಒಳಗೆ ಪಿಸ್ಟನ್ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿರಬಹುದು. ಬೇರಿಂಗಿನ ಮೇಲೆ ಒಂದು ಹನಿ ಎಣ್ಣೆಯೂ ಇಲ್ಲದಿರಬಹುದು. ಅಂಥ ಹೊತ್ತಲ್ಲಿ ಜೋರಾಗಿ ಹೊಡೆದ ಒಂದು ಕಿಕ್ಕಿಗೆ ರಿಂಗ್ ಮುರಿಯುತ್ತದೆ, ಇಲ್ಲವೇ ಕಿಕ್ಕರ್ ಹಲ್ಲು ಹಾರುತ್ತದೆ. ಇಷ್ಟು ವರ್ಷ ಕಾದಿದ್ದೀರಿ, ಇನ್ನೊಂದು ತಿಂಗಳು ಕಾಯಿರಿ.

ಮೊದಲ ದಿನ ಗಾಡಿ ತೊಳೆಯಲೂಬೇಡಿ. ಫೋಟೊ ತೆಗೆಯಿರಿ. ಯಾವ ವೈರು ಎಲ್ಲಿಗೆ ಹೋಗಿದೆ, ಯಾವ ಕೇಬಲ್ ಯಾವುದರ ಹಿಂದೆ ಹಾದಿದೆ, ಎಲ್ಲವನ್ನೂ ಹತ್ತಿರದಿಂದ ತೆಗೆಯಿರಿ. ಆರು ತಿಂಗಳ ಮೇಲೆ ಜೋಡಿಸುವಾಗ ಅದೇ ನಿಮಗೆ ದಾರಿ ತೋರಿಸುವುದು.

ಟೂಲ್ ಬಾಕ್ಸ್ ಮಾತ್ರ ಮೊದಲ ದಿನವೇ ತೆಗೆದು ನೋಡಿ. ನಮ್ಮ ಗಾಡಿಯ ಟೂಲ್ ಬಾಕ್ಸಿನಲ್ಲಿ ಅಡಿಕೆ ಮಂಡಿಯ ಹಳೆ ಚೀಟಿಯೊಂದರಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದರೆ ಪ್ಲಗ್ಗಿಗೆ ಕರೆಂಟು ಕೊಡುವ ಮ್ಯಾಗ್ನೆಟೊದ ಹೊಸ ಕಾರ್ಬನ್ ಬ್ರಷ್ಷು, ಅದರ ಸ್ಪ್ರಿಂಗು. ಅಜ್ಜ ಯಾವಾಗಲೋ ತಂದು, ಮುಂದೆ ಬೇಕಾಗುತ್ತೆ ಅಂತ ಇಟ್ಟಿದ್ದರು. ಅದೇ ಬ್ರಷ್ಷು ಈಗ ಗಾಡಿಯಲ್ಲಿದೆ.

28 ವರ್ಷ ನಿಂತ ಗಾಡಿ ಎದ್ದೇಳುತ್ತಾ? ಎಷ್ಟು ವರ್ಷದವರೆಗೆ ಆಸೆ ಇಟ್ಟುಕೊಳ್ಳಬಹುದು?

ವರ್ಷದ ಲೆಕ್ಕ ಬಿಡಿ. ಮಲೆನಾಡಿನಲ್ಲಿ ಗಾಡಿಯನ್ನು ಹಾಳು ಮಾಡುವುದು ವರ್ಷಗಳಲ್ಲ, ಥಂಡಿ. ಥಂಡಿಯ ಜೊತೆಗೆ, ಗಾಡಿಯ ಪಕ್ಕದಲ್ಲಿ ಏನಿತ್ತು ಅನ್ನುವುದು. ನಾನು ಯಾರ ಮನೆಗೆ ಹೋದರೂ ಗಾಡಿಗಿಂತ ಮೊದಲು ಅದು ನಿಂತಿದ್ದ ಜಾಗ ನೋಡುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ಬಯಲುಸೀಮೆಯಲ್ಲಿ 40 ವರ್ಷ ನಿಂತ ಗಾಡಿ ಮೇಲೆ ಧೂಳು ಹೊತ್ತು ಒಳಗೆ ಚೆನ್ನಾಗಿರಬಹುದು. ಇಲ್ಲಿ 8 ವರ್ಷಕ್ಕೇ ಬೋರು ತುಕ್ಕು ಹಿಡಿದಿರಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಇಲ್ಲ, ಮೈಲುತುತ್ತದ ಚೀಲ ಇಡದ ಮನೆಯೂ ಇಲ್ಲ. ಆ ಚೀಲ ಸಾಮಾನ್ಯವಾಗಿ ಎಲ್ಲಿರುತ್ತದೆ? ಗಾಡಿ ನಿಂತ ಮೂಲೆಯಲ್ಲೇ. ಥಂಡಿಗೆ ತುತ್ತ ನೀರೊಡೆದು ಲೋಹಕ್ಕೆ ತಾಗಿದರೆ ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ನಮ್ಮ ಗಾಡಿಯ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಅಲ್ಯೂಮಿನಿಯಂ ಪೆಟ್ಟಿಗೆ) ಎಡ ಮಗ್ಗುಲಲ್ಲಿ, ಚೀಲ ಒರಗಿದ್ದ ಕಡೆ, ಹುಳ ತಿಂದ ಹಾಗೆ ಸಣ್ಣ ಸಣ್ಣ ಗುಳಿಗಳಿವೆ. ಅದರ ಪಕ್ಕದ ಕಬ್ಬಿಣದ ಬೋಲ್ಟಿನ ತಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು. ತುತ್ತದಲ್ಲಿದ್ದ ತಾಮ್ರ ಬಂದು ಕಬ್ಬಿಣದ ಮೇಲೆ ಕೂತಿತ್ತು. ಬಲಗಡೆ ಕ್ರ್ಯಾಂಕ್‌ಕೇಸ್‌ಗೆ ಏನೂ ಆಗಿರಲಿಲ್ಲ.

ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ, ಗೊಬ್ಬರದ ಚೀಲ ಕೂಡ ಹೀಗೆಯೇ. ಕೊಟ್ಟಿಗೆಯ ಗಂಜಲದ ಅಮೋನಿಯಾ ಹಿತ್ತಾಳೆಗೆ ಆಗದು. ಕಾರ್ಬುರೇಟರಿನ ಜೆಟ್ಟು, ಪೆಟ್ರೋಲಿನ ನಲ್ಲಿ, ಪೈಪಿನ ನಟ್ಟು ಎಲ್ಲ ಹಿತ್ತಾಳೆಯವೇ ಅಲ್ವಾ? ಅವನ್ನು ಬಿಗಿ ಮಾಡುವಾಗ ಬಿರುಕು ಬಿಟ್ಟಿದೆಯಾ ನೋಡಿ.

ಒಲೆಯ ಹೊಗೆ ತಾಗುವ ಜಾಗದಲ್ಲಿ, ಹಲಗೆ ಮೇಲೆ ನಿಂತಿದ್ದ ಗಾಡಿಯಾದರೆ ಖುಷಿಪಡಿ. ಹೊರಗೆ ಕಪ್ಪು ಮಸಿ ಇರುತ್ತದೆ, ಒಳಗೆ ಒಣಗಿರುತ್ತದೆ.

ಇದು ಯಾವ ಗಾಡಿ, ಯಾವ ಕಾಲದ್ದು ಅಂತ ತಿಳಿಯುವುದು ಹೇಗೆ?

ಟ್ಯಾಂಕಿನ ಮೇಲಿನ ಹೆಸರು ನಂಬಬೇಡಿ, ಟ್ಯಾಂಕು ಬದಲಾಗಿರಬಹುದು. ಫ್ರೇಮಿನ ಮೇಲೆ, ಎಂಜಿನ್ನಿನ ಮೇಲೆ ಕೊರೆದ ನಂಬರ್ ನೋಡಿ. ಬಣ್ಣವನ್ನು ಕೆರೆಯಬೇಡಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ.

ಎಂ20 ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯ ಗಾಡಿ. 1937ರಿಂದ 1955ರವರೆಗೆ ತಯಾರಾಯಿತು. 496 ಸಿ.ಸಿ., ಒಂದೇ ಸಿಲಿಂಡರ್, ಸೈಡ್ ವಾಲ್ವ್, ಅಂದರೆ ವಾಲ್ವುಗಳು ಬೋರಿನ ಪಕ್ಕದಲ್ಲಿವೆ. ಎರಡನೇ ಮಹಾಯುದ್ಧಕ್ಕೆಂದೇ ಸುಮಾರು 1,26,000 ಗಾಡಿ ಮಾಡಿದರು. ನಂಬರ್ ಡಬ್ಲ್ಯೂ.ಎಂ.20 ಅಂತ ಶುರುವಾದರೆ ಅದು ಯುದ್ಧಕಾಲದ್ದು. ನಮ್ಮದೂ ಅಂಥದ್ದೇ. ಮುಂದಿನ ಫೋರ್ಕಿಗೆ ಮಧ್ಯದಲ್ಲಿ ಒಂದೇ ದೊಡ್ಡ ಸ್ಪ್ರಿಂಗ್ ಇದ್ದರೆ ಅದು ಗರ್ಡರ್ ಫೋರ್ಕ್, ಹಳೆಯದು. ಈಗಿನ ಹಾಗೆ ಎರಡು ಕೊಳವೆ ಇದ್ದರೆ ಯುದ್ಧ ಮುಗಿದ ಮೇಲಿನದ್ದು, ಇಲ್ಲವೇ ಆಮೇಲೆ ಹಾಕಿದ್ದು.

ನನ್ನ ಹತ್ತಿರ ಒಳ್ಳೆ ಪಾನಾ ಸೆಟ್ ಇದೆ. ಸಾಕಲ್ವಾ?

ಸಾಲದು. ಅದು ಮಿಲಿಮೀಟರ್ ಪಾನಾ. ಈ ಗಾಡಿಯ ನಟ್ಟು ಬೋಲ್ಟು ಹಳೆ ಬ್ರಿಟಿಷ್ ಅಳತೆಯವು. ಪಾನಾದ ಮೇಲೆ 1/4 ವಿಟ್‌ವರ್ತ್ ಅಂತ ಬರೆದಿದ್ದರೆ ಅದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಆ ತಲೆಯ ಅಗಲ 13.3 ಮಿ.ಮೀ. ಹಾಗಾಗಿ ನಿಮ್ಮ 13ರ ಪಾನಾ ಹೋಗುವುದಿಲ್ಲ, 14ರದ್ದು ಜಾರುತ್ತದೆ. ಜಾರಿ ಜಾರಿ ಮೂಲೆ ಸವೆದು ನಟ್ಟು ಗುಂಡಗಾದ ಮೇಲೆ ಉಳಿಯುವುದು ಉಳಿ, ಸುತ್ತಿಗೆ. ಅಲ್ಲಿಗೆ ಹೋಗಬೇಡಿ. 3/16, 1/4, 5/16 ವಿಟ್‌ವರ್ತ್ ಮೂರು ಪಾನಾ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಹೊಸತಕ್ಕಿಂತ ಹಳೆ ಮೇಸ್ತ್ರಿಗಳ ಪೆಟ್ಟಿಗೆಯಲ್ಲಿ, ಗುಜರಿ ಅಂಗಡಿಯಲ್ಲಿ ಹುಡುಕಿ. ನನ್ನದು ಸಿಕ್ಕಿದ್ದು ಹಾಗೆಯೇ.

ಬೋಲ್ಟಿನ ದಾರವೂ (ಥ್ರೆಡ್) ಬೇರೆ. ಬಿಗಿಯಾಯಿತೆಂದು ಮಿಲಿಮೀಟರ್ ಬೋಲ್ಟನ್ನು ತಿರುಗಿಸಿ ಕೂರಿಸಿದರೆ ಅಲ್ಯೂಮಿನಿಯಂ ದಾರ ಕಿತ್ತು ಬರುತ್ತದೆ.

ಎಂಜಿನ್ ಅಲುಗಾಡುತ್ತಿಲ್ಲ. ಜಾಮ್ ಆಗಿದೆ. ಏನು ಮಾಡಲಿ?

ಪ್ಲಗ್ ಬಿಚ್ಚಿ. ಆ ತೂತಿನಿಂದ ತೆಳು ಎಣ್ಣೆ ಬಿಡಿ. ಕಾರಿನ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಣ್ಣೆ, ಅಸಿಟೋನ್, ಎರಡನ್ನೂ ಸಮಸಮ ಬೆರೆಸಿದರೆ ಒಳ್ಳೆಯ ಫಲ ಇದೆ. ಅದು ಸಿಗದಿದ್ದರೆ ಡೀಸೆಲ್ ಆದೀತು, ನಿಧಾನ ಅಷ್ಟೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಬೀಡಿ, ಒಲೆ, ಯಾವುದೂ ಹತ್ತಿರ ಇರಬಾರದು.

ವಾರ ಬಿಡಿ. ದಿನಾ ಸ್ವಲ್ಪ ಸೇರಿಸಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ತೂಗಿ. ಮಗುವಿನ ತೊಟ್ಟಿಲು ತೂಗುವಷ್ಟೇ ಬಲ ಸಾಕು. ಕೂದಲೆಳೆಯಷ್ಟು ಅಲುಗಾಡಿದರೂ ಗೆದ್ದಿರಿ. ಅಲ್ಲಿಗೇ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಟ್ಟು ಮತ್ತೆ ನಾಳೆ. ನಮ್ಮದು 19ನೇ ದಿನ ಅಲುಗಾಡಿತು. ಸಂಜೆ ಹಾಲು ಕರೆಯುವ ಹೊತ್ತು. ಟಿಕ್ ಅಂತ ಒಂದು ಶಬ್ದ ಬಂತು. ಅಮ್ಮ ಕೊಟ್ಟಿಗೆಯೊಳಗಿಂದ "ಏನದು?" ಅಂತ ಕೇಳಿದರು.

ಎರಡು ಮೂರು ವಾರಕ್ಕೂ ಜಗ್ಗದಿದ್ದರೆ ಹೆಡ್ ಬಿಚ್ಚಿ. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಹೆಡ್ ಅಂದರೆ ಮುಚ್ಚಳವಷ್ಟೇ. ವಾಲ್ವು ಅದರಲ್ಲಿಲ್ಲ. ಬಿಚ್ಚಿದರೆ ಪಿಸ್ಟನ್ ತಲೆ, ಬೋರು, ತುಕ್ಕು ಎಲ್ಲ ಕಣ್ಣೆದುರೇ ಕಾಣುತ್ತದೆ. ಬೋರಿನ ಮೇಲ್ಭಾಗದ ತುಕ್ಕನ್ನು ಒರೆಸಿ ತೆಗೆದರೆ ಎಷ್ಟೋ ಸಲ ಪಿಸ್ಟನ್ ದಾರಿ ಕೊಡುತ್ತದೆ. ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಮಾತ್ರ ಲೇತಿಗೆ ಕೊಟ್ಟು ರೀಬೋರ್ ಮಾಡಿಸಬೇಕು. ಓವರ್‌ಸೈಜ್ ಪಿಸ್ಟನ್ 20, 40, 60 ತೌ ಅಂತ ಬರುತ್ತದೆ. ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಕೊರೆಸಿ. ಮೊದಲು ಬೋರ್ ಕೊರೆಸಿ ಆಮೇಲೆ ಪಿಸ್ಟನ್ ಹುಡುಕಬೇಡಿ.

ಎಂಜಿನ್ ತಿರುಗುತ್ತೆ, ಆದರೆ ಕಂಪ್ರೆಷನ್ನೇ (ಬೋರಿನೊಳಗೆ ಗಾಳಿಯ ಒತ್ತಡ) ಇಲ್ಲ.

ರಿಂಗ್ ಹೋಯಿತು ಅಂತ ಹೆದರಬೇಡಿ. ಬಹಳ ಸಲ ಒಂದು ವಾಲ್ವ್ ತೆರೆದಲ್ಲೇ ಅಂಟಿಕೊಂಡಿರುತ್ತದೆ. ಬೋರಿನ ಪಕ್ಕದಲ್ಲಿ, ವಾಲ್ವನ್ನು ಮೇಲೆ ತಳ್ಳುವ ಟ್ಯಾಪೆಟ್ಟಿನ ಮುಚ್ಚಳ ತೆಗೆದು ನೋಡಿ. ಎಂಜಿನ್ ತಿರುಗಿಸಿದಾಗ ಎರಡೂ ವಾಲ್ವ್ ಏರಿ ಇಳಿಯಬೇಕು. ಏರಿದ್ದು ಇಳಿಯದಿದ್ದರೆ ಅದರ ಕಾಂಡಕ್ಕೆ ಎಣ್ಣೆ ಬಿಟ್ಟು, ಮೆಲ್ಲಗೆ ತಿರುಗಿಸುತ್ತ ಇಳಿಸಿ. ಸೈಡ್ ವಾಲ್ವ್‌ನ ದೊಡ್ಡ ಗುಣ ಇದು: ಪಿಸ್ಟನ್ನು ವಾಲ್ವಿಗೆ ಬಡಿಯುವುದಿಲ್ಲ.

ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.010 ಇಂಚು, ಎಕ್ಸಾಸ್ಟ್ 0.012 ಇಂಚು.

ಎಣ್ಣೆ ಬದಲಾಯಿಸಿದರೆ ಸಾಕಾ?

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ನಿಂತ ಗಾಡಿ ಓಡಲು ಶುರುಮಾಡಿದ ಮೊದಲ ಹತ್ತು ನಿಮಿಷದಲ್ಲಿ ಸಾಯುವುದು ಎಣ್ಣೆಯಿಂದಲೇ.

ಎಂ20ರಲ್ಲಿ ಎಣ್ಣೆಯ ಟ್ಯಾಂಕ್ ಬೇರೆ ಇದೆ. ಪಂಪಿನ ಒಂದು ಭಾಗ ಟ್ಯಾಂಕಿನ ಎಣ್ಣೆಯನ್ನು ಎಂಜಿನ್ನಿಗೆ ಕೊಡುತ್ತದೆ. ಇನ್ನೊಂದು ಭಾಗ ಕ್ರ್ಯಾಂಕ್‌ಕೇಸಿನ ತಳಕ್ಕೆ ಬಿದ್ದದ್ದನ್ನು ಎತ್ತಿ ವಾಪಸ್ ಟ್ಯಾಂಕಿಗೆ ಹಾಕುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ಎಣ್ಣೆ ಮೆಲ್ಲಗೆ ಜಿನುಗಿ ಪೂರ್ತಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಟ್ಯಾಂಕ್ ನೋಡಿದರೆ ಖಾಲಿ. ಎಣ್ಣೆ ಇಲ್ಲ ಅಂದುಕೊಂಡು ಇನ್ನಷ್ಟು ಸುರಿಯುತ್ತೀರಿ. ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಲ್ಲಿ ಊರಿಗೆಲ್ಲ ಕಾಣುವಷ್ಟು ಹೊಗೆ, ಪ್ಲಗ್ ಒದ್ದೆ. ಹಾಗಾಗಿ ಮೊದಲು ಕ್ರ್ಯಾಂಕ್‌ಕೇಸಿನ ಕೆಳಗಿನ ಪ್ಲಗ್ ಬಿಚ್ಚಿ ಎಲ್ಲವನ್ನೂ ಪಾತ್ರೆಗೆ ಇಳಿಸಿ. ನಮ್ಮ ಗಾಡಿಯಿಂದ ಮೊದಲು ಬಂದದ್ದು ನೀರು. ಆಮೇಲೆ ಬೆಲ್ಲದ ಪಾಕದ ಹಾಗಿನ ಕಪ್ಪು ಮಡ್ಡಿ. ಕೊನೆಗೆ ಎಣ್ಣೆ.

ಕೆಳಗಿನ ತಟ್ಟೆ ಬಿಚ್ಚಿದಾಗ ವಾಪಸ್ ಎಳೆಯುವ ಕೊಳವೆ ಕಾಣುತ್ತದೆ. ಅದರ ಬಾಯಲ್ಲಿ ಒಂದು ಸಣ್ಣ ಉಕ್ಕಿನ ಗುಂಡಿದೆ. ತಂತಿಯಿಂದ ಮೇಲಕ್ಕೆ ನೂಕಿದರೆ ಏರಬೇಕು, ಬಿಟ್ಟರೆ ತನ್ನ ಭಾರಕ್ಕೇ ಟಕ್ ಅಂತ ಬೀಳಬೇಕು. ನಮ್ಮದರಲ್ಲಿ ಆ ಗುಂಡು ಮಡ್ಡಿಯಲ್ಲಿ ಅಂಟಿ ಕೂತಿತ್ತು. ಹಾಗೆಯೇ ಸ್ಟಾರ್ಟ್ ಮಾಡಿದ್ದರೆ ಎಣ್ಣೆ ವಾಪಸ್ ಹೋಗುತ್ತಲೇ ಇರಲಿಲ್ಲ. ಇಷ್ಟು ಸಣ್ಣದೊಂದು ಗುಂಡು ಇಡೀ ಎಂಜಿನ್ನನ್ನು ಉಳಿಸುತ್ತದೆ, ಕೆಡಿಸುತ್ತದೆ. ಇದನ್ನು ನೋಡದೆ ಮುಂದೆ ಹೋಗಬೇಡಿ.

ಎಣ್ಣೆಯ ಟ್ಯಾಂಕನ್ನು ಬಿಚ್ಚಿ ಸೀಮೆಎಣ್ಣೆ ಹಾಕಿ ತೊಳೆಯಿರಿ, ತಳದ ಜಾಲರಿ ಸೇರಿ. ಹೊಸ ಎಣ್ಣೆ ಯಾವುದು ಅಂದರೆ, ನಾನು ಹಾಕುವುದು 40ರ ಮೋನೊಗ್ರೇಡ್. ಈಗಿನ ಕಾರಿನ ಎಣ್ಣೆಯಲ್ಲಿ ಮಡ್ಡಿಯನ್ನು ಕರಗಿಸಿ ಎತ್ತುವ ಗುಣ ಜಾಸ್ತಿ. ಒಳ್ಳೆ ಫಿಲ್ಟರ್ ಇರುವ ಎಂಜಿನ್ನಿಗೆ ಅದು ಸರಿ. ಈ ಎಂಜಿನ್ನಿನಲ್ಲಿ ಇರುವುದು ಬರೀ ಜಾಲರಿ. 50 ವರ್ಷದ ಮಡ್ಡಿ ಒಮ್ಮೆಗೇ ಎದ್ದು ಎಣ್ಣೆಯ ದಾರಿಗೆ ಅಡ್ಡ ನಿಂತರೆ ಕ್ರ್ಯಾಂಕಿನ ಬಿಗ್ ಎಂಡ್ ಬೇರಿಂಗ್ ಹೋಗುತ್ತದೆ. ಪೂರ್ತಿ ಬಿಚ್ಚಿ ತೊಳೆದ ಎಂಜಿನ್ನಿಗೆ 20-50 ಹಾಕಬಹುದು. ಮೊದಲ 100 ಕಿ.ಮೀ.ಗೆ ಒಮ್ಮೆ ಎಣ್ಣೆ ಬದಲಿಸಿ.

ಪೆಟ್ರೋಲ್ ಟ್ಯಾಂಕ್ ಒಳಗೆಲ್ಲ ತುಕ್ಕು. ಹೇಗೆ ತೆಗೆಯೋದು?

ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಬಿಸಿನೀರಲ್ಲಿ ಕರಗಿಸಿ ಟ್ಯಾಂಕ್ ತುಂಬಿಸಿ ಒಂದು ದಿನ ಇಡಿ. ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿದರೆ ದಪ್ಪ ಪದರ ಏಳುತ್ತದೆ. ಹಾಕಿದ ನಟ್ಟು ಎಣಿಸಿಟ್ಟುಕೊಳ್ಳಿ, ಅಷ್ಟೂ ಹೊರಗೆ ಬರಬೇಕು. ಆಮೇಲೆ ಅಡುಗೆ ಸೋಡಾದ ನೀರಲ್ಲಿ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ತಕ್ಷಣ ಒಳಗೆ ಎಣ್ಣೆ ಸವರಿ. ನಮ್ಮ ಕಡೆ ಗಾಳಿಗೆ ತೊಳೆದ ಟ್ಯಾಂಕ್ ಒಂದೇ ರಾತ್ರಿಗೆ ಮತ್ತೆ ಕೆಂಪಾಗುತ್ತದೆ. ಈ ಕೆಲಸವನ್ನು ಫೆಬ್ರವರಿ, ಮಾರ್ಚಿಗೆ ಇಟ್ಟುಕೊಳ್ಳಿ.

ತೂತಿದ್ದರೆ ವೆಲ್ಡಿಂಗಿಗೆ ಕೊಡುವ ಮೊದಲು ಕೇಳಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಅದರೊಳಗೆ ಪೆಟ್ರೋಲಿನ ಆವಿ ಇರುತ್ತದೆ. ನಾನು ಒಂದು ಅಂಗಡಿಗೆ ಕೊಟ್ಟಿದ್ದೆ. ಒಮ್ಮೆ ನೀರು ಹಾಕಿ ತೊಳೆದು ಬೆಂಕಿ ಹಿಡಿದರು. ಢಂ ಅಂತ ಸದ್ದಾಗಿ ಟ್ಯಾಂಕಿನ ಹೊಲಿಗೆ ಉಬ್ಬಿತು. ಯಾರಿಗೂ ಏನೂ ಆಗಲಿಲ್ಲ, ಅದು ದೇವರು ದೊಡ್ಡವನು. ಸೋಪಿನ ಬಿಸಿನೀರಲ್ಲಿ ಹಲವು ಸಲ ತೊಳೆದು, ದಿನಗಟ್ಟಲೆ ಬಾಯಿ ತೆರೆದಿಟ್ಟು, ಅಂಥ ಕೆಲಸ ಮಾಡಿ ಗೊತ್ತಿರುವವರಿಗೇ ಕೊಡಿ.

ಈಗಿನ ಎಥನಾಲ್ ಪೆಟ್ರೋಲ್ ಈ ಗಾಡಿಗೆ ಆಗುತ್ತಾ?

ಓಡುತ್ತದೆ. ಕಂಪ್ರೆಷನ್ ಅನುಪಾತ ಬರೀ 5ರ ಆಸುಪಾಸು, ಯಾವ ಪೆಟ್ರೋಲಾದರೂ ಉರಿಯುತ್ತದೆ. ತೊಂದರೆ ಇರುವುದು ನಿಲ್ಲಿಸಿದಾಗ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ನೀರಿಗೆ ಬರವೇ? ನೀರು ಕುಡಿದ ಎಥನಾಲ್ ತಳಕ್ಕಿಳಿದು ಟ್ಯಾಂಕನ್ನೂ ಕಾರ್ಬುರೇಟರನ್ನೂ ತಿನ್ನುತ್ತದೆ. ಹಳೆ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಹೊಸದು ಹಾಕಿ. ಮಿಶ್ರಣ ತೆಳುವಾಗಿ ಎಂಜಿನ್ ಜಾಸ್ತಿ ಬಿಸಿಯಾದರೆ ಮೇನ್ ಜೆಟ್ ಒಂದು ಸೈಜು ದೊಡ್ಡದು ಮಾಡಿ. ಎರಡು ವಾರಕ್ಕಿಂತ ಜಾಸ್ತಿ ಓಡಿಸುವುದಿಲ್ಲ ಅಂದರೆ ನಲ್ಲಿ ಬಂದ್ ಮಾಡಿ, ಕಾರ್ಬುರೇಟರ್ ಖಾಲಿ ಮಾಡಿ ಇಡಿ.

ಕಾರ್ಬುರೇಟರಿನಲ್ಲಿ ಏನೇನು ನೋಡಬೇಕು?

ಮೊದಲು ಅದರ ಬಾಯಿ ನೋಡಿ. ನಮ್ಮದರೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಮೂರು ಕೋಣೆಯದ್ದು. ಸೈಲೆನ್ಸರಿನಲ್ಲಿ ಇಲಿಯ ಗೂಡು, ಪೂರ್ತಿ ಅಡಿಕೆ ಸಿಪ್ಪೆ. ಇದೆಲ್ಲ ಎಂಜಿನ್ನಿನೊಳಗೆ ಹೋಗದ ಹಾಗೆ ಕಾರ್ಬುರೇಟರನ್ನು ಬಿಚ್ಚಿಯೇ ತೆಗೆಯಬೇಕು.

ಈ ಗಾಡಿಯ ಅಮಾಲ್ ಕಾರ್ಬುರೇಟರ್ ಸರಳ. ಪಕ್ಕದಲ್ಲಿ ಫ್ಲೋಟಿನ ಡಬ್ಬಿ, ಅದರೊಳಗೆ ತೆಳು ತಗಡಿನ ಫ್ಲೋಟು. ಅದನ್ನು ಕಿವಿ ಹತ್ತಿರ ಹಿಡಿದು ಅಲುಗಿಸಿ. ಒಳಗೆ ಗುಳಗುಳ ಅಂದರೆ ಪೆಟ್ರೋಲ್ ಸೇರಿದೆ, ತೂತಿದೆ. ತೂತು ಕಣ್ಣಿಗೆ ಕಾಣುವುದಿಲ್ಲ. ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ಪಾತ್ರೆಯಲ್ಲಿ ಹೊರಗೆ, ಬೆಂಕಿಯಿಂದ ದೂರ ತಂದು ಅದರಲ್ಲಿ ಫ್ಲೋಟ್ ಮುಳುಗಿಸಿ. ತೂತಿದ್ದಲ್ಲಿ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಅಲ್ಲೊಂದು ಗುರುತು ಮಾಡಿ. ಒಳಗಿನ ಪೆಟ್ರೋಲ್ ಪೂರ್ತಿ ಹೋದ ಮೇಲೆ ಬೆಸುಗೆ ಹಾಕಿಸಿ. ಬೆಸುಗೆ ತೆಳುವಾಗಿರಲಿ, ಭಾರವಾದರೆ ಫ್ಲೋಟ್ ಮುಳುಗುತ್ತದೆ.

ನಿಧಾನ ಓಟಕ್ಕೆ ಪೆಟ್ರೋಲ್ ಬರುವ ಪೈಲಟ್ ದಾರಿ ಕಟ್ಟಿದ್ದರೆ ಐಡಲಿಂಗ್ ನಿಲ್ಲುವುದಿಲ್ಲ. ಉಕ್ಕಿನ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ವೈರಿನ ಒಂದು ತಾಮ್ರದ ಎಳೆ ಸಾಕು. ಜೊತೆಗೆ ಪಂಕ್ಚರ್ ಅಂಗಡಿಯ ಗಾಳಿ.

ಪ್ಲಗ್ಗಿಗೆ ಕರೆಂಟೇ ಬರ್ತಿಲ್ಲ. ಮ್ಯಾಗ್ನೆಟೊ ಸತ್ತಿದೆಯಾ?

ಹತ್ತರಲ್ಲಿ ಹತ್ತೂ ಜನ ಕೇಳುವ ಪ್ರಶ್ನೆ. ಸತ್ತಿಲ್ಲದಿರಬಹುದು, ಕೊಳೆಯಾಗಿರಬಹುದು.

ಪಾಯಿಂಟ್ಸ್ ಮೊದಲು, ಅಂದರೆ ಕರೆಂಟನ್ನು ಕಡಿದು ಬಿಡುವ ಎರಡು ಪುಟ್ಟ ಲೋಹದ ಮುಖಗಳು. ಮುಚ್ಚಳ ತೆಗೆದು ನೋಡಿದರೆ ಪಾಯಿಂಟಿನ ಮುಖದ ಮೇಲೆ ಬೂದು ಪದರ ಇರುತ್ತದೆ. ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಸಂದು 0.012 ಇಂಚು, ಅಂದರೆ 0.3 ಮಿ.ಮೀ. ಪ್ಲಗ್ಗಿನ ಸಂದು 0.45ರಿಂದ 0.5 ಮಿ.ಮೀ. ಅದಕ್ಕಿಂತ ಜಾಸ್ತಿ ಬೇಡ, ಮ್ಯಾಗ್ನೆಟೊಗೆ ಕಷ್ಟ.

ಆಮೇಲೆ ಪ್ಲಗ್ ವೈರ್ ಬರುವ ಪಿಕಪ್ ಬಿಚ್ಚಿ. ಅದರ ಕಾರ್ಬನ್ ಬ್ರಷ್ ಸವೆದಿದೆಯಾ, ಸ್ಪ್ರಿಂಗ್ ಹಾರುತ್ತಾ ನೋಡಿ. ಆ ತೂತಿನೊಳಗೆ ಬ್ರಷ್ಷಿಗೆ ಕರೆಂಟು ದಾಟಿಸುವ ಬಳೆ, ಸ್ಲಿಪ್ ರಿಂಗ್ ಕಾಣುತ್ತದೆ. ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ, ರಿಂಗಿಗೆ ಒತ್ತಿ ಹಿಡಿದು ಎಂಜಿನ್ ನಿಧಾನ ತಿರುಗಿಸಿ. ನಮ್ಮದರಲ್ಲಿ ಮೂರು ಬಟ್ಟೆ ಕಪ್ಪಾದ ಮೇಲೆ ರಿಂಗಿನ ಬಣ್ಣ ಕಂಡಿತು. ಆ ರಾತ್ರಿಯೇ ಕತ್ತಲಲ್ಲಿ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಕ್ಕರ್ ಕೈಯಲ್ಲಿ ಒತ್ತಿದಾಗ ಒಂದು ನೀಲಿ ಕಿಡಿ ಹಾರಿತು. 28 ವರ್ಷದ ಮೇಲೆ, ಬ್ಯಾಟರಿ ಇಲ್ಲದೆ, ಬರೀ ಅಯಸ್ಕಾಂತದ ಬಲದಿಂದ.

ಅದೂ ಆಗದಿದ್ದರೆ ಬಿಚ್ಚಲೇಬೇಕು. ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಹೊರಗೆಳೆಯುವ ಮೊದಲು ಪಿಕಪ್, ಅರ್ತ್ ಬ್ರಷ್, ಮೈಯಲ್ಲಿರುವ ಸೇಫ್ಟಿ ಸ್ಕ್ರೂ ಮೂರನ್ನೂ ತೆಗೆದಿರಬೇಕು. ಒಂದು ಮರೆತರೂ ಸ್ಲಿಪ್ ರಿಂಗ್ ಒಡೆಯುತ್ತದೆ.

ಥಂಡಿ ಹಿಡಿದ ಮ್ಯಾಗ್ನೆಟೊವನ್ನು ಅಜ್ಜ ಮಳೆಗಾಲದಲ್ಲಿ ಬಿಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೆಣಸಿನ ಬುಟ್ಟಿ ಪಕ್ಕ ಇಡುತ್ತಿದ್ದರಂತೆ. ಹದವಾದ ಬಿಸಿ ಅದು. ಕೆಂಡದ ಹತ್ತಿರ ಮಾತ್ರ ಇಡಬೇಡಿ, ಒಳಗಿನ ಅರಗು ಕರಗುತ್ತದೆ.

ತಣ್ಣಗಿರುವಾಗ ಚೆನ್ನಾಗಿ ಓಡುತ್ತೆ. ಬಿಸಿಯಾದ ಮೇಲೆ ನಿಂತುಬಿಡುತ್ತೆ, ಆಮೇಲೆ ಅರ್ಧ ಗಂಟೆ ಸ್ಟಾರ್ಟ್ ಆಗಲ್ಲ.

ಮ್ಯಾಗ್ನೆಟೊದ ಕಂಡೆನ್ಸರ್. ಇಲ್ಲವೇ ಸುರುಳಿಯ ಇನ್ಸುಲೇಶನ್. ಕಾರ್ಬುರೇಟರನ್ನು ಸುಮ್ನೆ ಬಿಚ್ಚಿ ಜೋಡಿಸುತ್ತ ಕೂರಬೇಡಿ. ವೈಂಡಿಂಗ್ ಮಾಡಿಸುವುದಾದರೆ ಹೊಸ ಕಂಡೆನ್ಸರ್ ಸೇರಿಸಿಯೇ ಮಾಡಿಸಿ, ಬಿಸಿಗೆ ತಡೆಯುವ ವಾರ್ನಿಷ್ ಹಾಕುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ನಾನು ಕೇಳದೆ ಕೊಟ್ಟಿದ್ದೆ. ಬಿಸಿಗೆ ಅರಗು ಕರಗಿ ಆರ್ಮೇಚರ್ ಅಂಟಿಕೊಂಡಿತು. ಎರಡನೇ ಸಲ ಮತ್ತೆ ದುಡ್ಡು ಕೊಟ್ಟೆ.

ಬ್ಯಾಟರಿ ಬೇಕಾ?

ಎಂಜಿನ್ ಓಡಲು ಬೇಡ. ದೀಪಕ್ಕೆ, ಹಾರನ್ನಿಗೆ ಬೇಕು. 6 ವೋಲ್ಟ್. ಜೋಡಿಸುವ ಮೊದಲು ಯಾವ ತುದಿ ಫ್ರೇಮಿಗೆ ಅರ್ತ್ ಆಗಿದೆ ನೋಡಿಕೊಳ್ಳಿ. ಆ ಕಾಲದ ಬಹಳ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇದೆ.

ಎಲ್ಲ ಆಯಿತು. ಮೊದಲ ಸಲ ಸ್ಟಾರ್ಟ್ ಮಾಡುವ ಕ್ರಮ ಹೇಳಿ.

ಪ್ಲಗ್ ಬಿಚ್ಚಿಟ್ಟು, ಪಂಪಿಗೆ ಎಣ್ಣೆ ಸಿಕ್ಕಿ ಟ್ಯಾಂಕಿಗೆ ವಾಪಸ್ ಬರುವವರೆಗೆ ಕಿಕ್ಕರ್ ಒತ್ತುತ್ತ ಇರಿ. 40, 50 ಸಲ ಆದರೂ ಸರಿ. ಆಮೇಲೆ ಪ್ಲಗ್ ಹಾಕಿ.

ಪೆಟ್ರೋಲ್ ನಲ್ಲಿ ತೆರೆಯಿರಿ. ಫ್ಲೋಟ್ ಡಬ್ಬಿಯ ಮೇಲಿನ ಟಿಕ್ಲರ್ ಒತ್ತಿ, ಬೆರಳಿಗೆ ಪೆಟ್ರೋಲ್ ತಾಗುವವರೆಗೆ. ಏರ್ ಲಿವರ್ ಮುಚ್ಚಿ. ಇಗ್ನಿಷನ್ ಲಿವರನ್ನು ಸ್ವಲ್ಪ ರಿಟಾರ್ಡ್ ಮಾಡಿ, ಅಂದರೆ ಕಿಡಿ ಸ್ವಲ್ಪ ತಡವಾಗಿ ಹಾರುವ ಹಾಗೆ. ಇದನ್ನು ಮರೆತರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ, ಪಾದದ ಕೀಲು ಹೋಗುತ್ತದೆ. ವಾಲ್ವ್ ತೆರೆದು ಹಿಡಿಯುವ ಲಿವರ್, ಅಂದರೆ ವಾಲ್ವ್ ಲಿಫ್ಟರ್ ಹಿಡಿದು ಪಿಸ್ಟನ್ನನ್ನು ಕಂಪ್ರೆಷನ್ ದಾಟಿಸಿ. ಲಿಫ್ಟರ್ ಬಿಟ್ಟು, ಕಿಕ್ಕರ್ ಮೇಲೆ ತಂದು, ಮೈಭಾರವೆಲ್ಲ ಹಾಕಿ ಒಂದೇ ಬೀಸಿಗೆ ತುಳಿಯಿರಿ. ಹೊಡೆಯುವುದಲ್ಲ, ತುಳಿಯುವುದು.

ಹತ್ತಿಕೊಂಡ ತಕ್ಷಣ ಕೈ ತಟ್ಟುತ್ತ ನಿಲ್ಲಬೇಡಿ. ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ವಾಪಸ್ ಪೈಪಿನಿಂದ ಎಣ್ಣೆ ಪಿಚಕ್ ಪಿಚಕ್ ಅಂತ ಬೀಳುತ್ತಿರಬೇಕು. ಒಂದು ನಿಮಿಷದಲ್ಲಿ ಕಾಣದಿದ್ದರೆ ಎಂಜಿನ್ ಆರಿಸಿ. ಶಿವಮೊಗ್ಗದ ಹಳೆ ಮೇಸ್ತ್ರಿಯೊಬ್ಬರು ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ಶಬ್ದ ಕೇಳಬೇಡ, ಎಣ್ಣೆ ನೋಡು."

ಟಯರ್ ಎಲ್ಲಿ ಸಿಗುತ್ತೆ? ಬ್ರೇಕ್?

ಟಯರ್ 3.25-19. ಹಳೆ ಬುಲೆಟ್ಟಿಗೆ ಹಾಕುವ ಅಳತೆಯೇ, ಹಾಗಾಗಿ ಶಿವಮೊಗ್ಗದಲ್ಲೇ ಸಿಗುತ್ತದೆ. ಹಳೆ ಟಯರಿನಲ್ಲಿ ಹಲ್ಲು ಎಷ್ಟೇ ಇದ್ದರೂ ಓಡಿಸಬೇಡಿ, ಮಗ್ಗುಲು ಬಿರಿದಿರುತ್ತದೆ. ಚಕ್ರದ ಬೇರಿಂಗಿನ ಮೇಲೆ ನಂಬರ್ ಇರುತ್ತದೆ, ಅದನ್ನು ತೋರಿಸಿದರೆ ಬೇರಿಂಗ್ ಅಂಗಡಿಯವರು ಕೊಡುತ್ತಾರೆ.

ಬ್ರೇಕ್ ಶೂ ಮೇಲಿನ ಲೈನಿಂಗ್ ಥಂಡಿಗೆ ಬಿಟ್ಟುಕೊಂಡಿರುತ್ತದೆ. ಹೊಸದಾಗಿ ಕಟ್ಟಿಸಿ. ಹಳೆ ಲೈನಿಂಗಿನ ಪುಡಿಯನ್ನು ಬಾಯಿಂದ ಊದಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಎಸೆಯಿರಿ. ಈ ಗಾಡಿಯಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಖಾಲಿ ಮೈದಾನದಲ್ಲಿ ಅಭ್ಯಾಸ ಆಗದೆ ರಸ್ತೆಗೆ ಇಳಿಯಬೇಡಿ.

ಮೊದಲ ಸಲ ಎಲ್ಲಿಯವರೆಗೆ ಹೋಗಬಹುದು?

ಶಿವಮೊಗ್ಗದವರಾದರೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು. ತುಂಗೆಯ ಪಕ್ಕದ ರಸ್ತೆ. ನಿಲ್ಲಿಸಿ, ಎಂಜಿನ್ ಆರಲು ಬಿಟ್ಟು, ಎಲ್ಲಿ ಸೋರುತ್ತಿದೆ, ಯಾವ ನಟ್ಟು ಸಡಿಲ ಆಗಿದೆ ನೋಡಿ ವಾಪಸ್ ಬನ್ನಿ. ಮುಂದಿನ ವಾರ ಮಂಡಗದ್ದೆ. ಅದಾದ ಮೇಲೆ ತೀರ್ಥಹಳ್ಳಿ. ವೇಗ 50 ಕಿ.ಮೀ. ದಾಟಿಸಬೇಡಿ.

ಆಗುಂಬೆ ಘಾಟಿ ಕೊನೆಗೆ. 14 ಹೇರ್‌ಪಿನ್ ತಿರುವು. ಹತ್ತುವುದು ಕಷ್ಟವಲ್ಲ, ಈ ಎಂಜಿನ್ ಕಡಿಮೆ ವೇಗದಲ್ಲಿ ಎತ್ತಿನ ಹಾಗೆ ಎಳೆಯುತ್ತದೆ. ಇಳಿಯುವುದು ಕಷ್ಟ. ಕೆಳ ಗೇರಿನಲ್ಲಿ ಎಂಜಿನ್ನೇ ಹಿಡಿಯಬೇಕು, ಬ್ರೇಕನ್ನು ತಿರುವಿಗೆ ಉಳಿಸಬೇಕು. ನಾನು ಹೋದದ್ದು ಒಂದು ವರ್ಷ ಆದ ಮೇಲೆ, ಜನವರಿಯಲ್ಲಿ.

ಹೊಸ ಬಣ್ಣ ಹೊಡೆಸಲಾ?

ನನ್ನನ್ನು ಕೇಳಿದರೆ ಬೇಡ. ನಮ್ಮ ಗಾಡಿಯ ಕಪ್ಪು ಬಣ್ಣದಡಿ ಸೇನೆಯ ಹಸಿರು ಬಣ್ಣ ಇದೆ. ಟ್ಯಾಂಕಿನ ಎರಡೂ ಬದಿಯಲ್ಲಿ ಅಜ್ಜನ ಮೊಣಕಾಲು ತಾಗಿ ತಾಗಿ ಕಪ್ಪು ಹೋಗಿ ಹಸಿರು ಕಾಣುತ್ತದೆ. ಅದನ್ನು ಮುಚ್ಚುವ ಬಣ್ಣ ನನಗೆ ಯಾವ ಅಂಗಡಿಯಲ್ಲೂ ಬೇಡ. ತುಕ್ಕು ಇರುವಲ್ಲಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಫ್ರೇಮ್ ನಿಜವಾಗಿಯೂ ತುಕ್ಕು ತಿಂದಿದ್ದರೆ ಮಾತು ಬೇರೆ.

ಆರ್‌ಟಿಒ ಕಾಗದ ಏನು ಮಾಡೋದು?

ಮೊದಲು ಹಳೆ ಆರ್.ಸಿ. ಹುಡುಕಿ. ಮೈಸೂರು ರಾಜ್ಯದ ಕಾಲದ, ಎಂ.ವೈ. ಅಂತ ಶುರುವಾಗುವ ನಂಬರ್ ಇದ್ದರೆ ಅದು ಚಿನ್ನ. ಅಜ್ಜಂದಿರ ಟ್ರಂಕು, ತೋಟದ ಪಹಣಿಯ ಕಟ್ಟು, ದೇವರ ಪೆಟ್ಟಿಗೆ, ಎಲ್ಲ ನೋಡಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆಂದೇ ನಿಯಮ ತಂದಿದೆ. 50 ವರ್ಷಕ್ಕಿಂತ ಹಳೆಯದಾಗಿ, ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಫ್ರೇಮ್ ದೊಡ್ಡದಾಗಿ ಬದಲಾಗಿರಬಾರದು. ಅರ್ಜಿ ಫಾರ್ಮ್ 20ರಲ್ಲಿ. ಹಳೆ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿ.ಎ. ಅಂತ ಬರುತ್ತದೆ. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಪೇಟೆಗೆ ಹೋಗಲು ಆಗದು. ಎಂಜಿನ್ ನಂಬರನ್ನು ಉಜ್ಜಿ ತಿದ್ದಿಸುವ ಸಲಹೆ ಯಾರಾದರೂ ಕೊಟ್ಟರೆ ಎದ್ದು ಬನ್ನಿ.

ನನ್ನದು ಬುಲೆಟ್. ಜಾವಾ. ಇದೆಲ್ಲ ಅದಕ್ಕೂ ಸರಿಯಾ?

ಹಳೆ ಬುಲೆಟ್ಟಿಗೆ ಬಹುಪಾಲು ಸರಿ, ಆದರೆ ಅದರ ಎಣ್ಣೆ ಕ್ರ್ಯಾಂಕ್‌ಕೇಸಿಗೇ ಸೇರಿದ ಕೋಣೆಯಲ್ಲಿರುತ್ತದೆ. ಅದರ ವಾಲ್ವುಗಳು ಹೆಡ್ಡಿನಲ್ಲಿವೆ, ಅಂಟಿದ ವಾಲ್ವನ್ನು ಪಿಸ್ಟನ್ ಬಡಿಯಬಹುದು. ಮೈಸೂರಿನಲ್ಲಿ ತಯಾರಾದ ಜಾವಾ ಟೂ ಸ್ಟ್ರೋಕ್, ಮೂಲ ಜೆಕ್ ದೇಶದ್ದು. ಅದರ ಕ್ರ್ಯಾಂಕಿನ ಸೀಲು ನೋಡುವುದೇ ದೊಡ್ಡ ಕೆಲಸ.

ಮಳೆಗಾಲದಲ್ಲಿ ಗಾಡಿಯನ್ನು ಹೇಗೆ ಇಡಬೇಕು?

ಮೇ ಕೊನೆಗೆ ಒಂದು ದಿನ ಇದಕ್ಕೆ ಇಡಿ. ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ ಬಂದು ಬಿಸಿ ಎಣ್ಣೆಯನ್ನೇ ಇಳಿಸಿ ಹೊಸದು ಹಾಕಿ. ಪೆಟ್ರೋಲ್ ಪೂರ್ತಿ ತೆಗೆದು ಟ್ಯಾಂಕಿನೊಳಗೆ ಎಣ್ಣೆ ಸವರಿ. ಪ್ಲಗ್ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು ಕಿಕ್ಕರ್ ನಾಲ್ಕು ಸಲ ಒತ್ತಿ, ಎರಡೂ ವಾಲ್ವ್ ಮುಚ್ಚಿರುವ ಹಾಗೆ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಯಲ್ಲಿ ನಿಲ್ಲಿಸಿ. ಸೈಲೆನ್ಸರ್ ಬಾಯಿಗೂ ಕಾರ್ಬುರೇಟರ್ ಬಾಯಿಗೂ ಎಣ್ಣೆ ಬಟ್ಟೆ ತುರುಕಿ. ಆ ಬಟ್ಟೆಗೆ ಕೆಂಪು ದಾರ ಕಟ್ಟಿ ಹ್ಯಾಂಡಲ್ಲಿಗೆ ಬಿಗಿಯಿರಿ, ಅಕ್ಟೋಬರಿನಲ್ಲಿ ನೆನಪಾಗುತ್ತದೆ. ಚಕ್ರ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿ.

ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ. ಅದರೊಳಗೆ ಬೆವರಿ ಗಾಡಿ ಹೊರಗಿಗಿಂತ ಬೇಗ ಕೆಡುತ್ತದೆ. ಹಳೆ ಹತ್ತಿ ಸೀರೆ ಎರಡು ಪದರ ಸಾಕು. ನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದೂ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಕೂರುತ್ತದೆ.

ಮೈಲುತುತ್ತದ ಚೀಲವನ್ನು ಬೇರೆ ಕೋಣೆಗೆ ಹಾಕಿ. ನಮ್ಮ ಮನೆಯಲ್ಲಿ ಈಗ ಅದು ಪಂಪ್‌ಸೆಟ್ ಮನೆಯಲ್ಲೂ ಇಲ್ಲ, ತೋಟದಂಚಿನ ಗುಡಿಸಲಿನಲ್ಲಿದೆ.